ಪಟ್ಟಣವನ್ನು ನೋಡುವ ಕಣ್ಣು

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಎರಡಕ್ಕೂ ಹಣ ಬೇಕು, ಬಿಡುವು ಬೇಕು. ತಗಡೂರಿನಂಥ ಊರಿನಲ್ಲಿ, ಬಿತ್ತನೆ ಕಟಾವುಗಳ ನಡುವೆ ಬೆಳೆಯುವ ಮಕ್ಕಳಿಗೆ ಇವೆರಡೂ ಅಪರೂಪವೇ. ಆದರೂ ಒಂದೇ ದಿನದಲ್ಲಿ, ಒಂದೇ ಬಸ್ಸಿನ ಬಾಡಿಗೆಯಲ್ಲಿ, ದೇಶವನ್ನೂ ಕೋಶವನ್ನೂ ಒಟ್ಟಿಗೆ ತೋರಿಸಬಲ್ಲ ಸ್ಥಳವೊಂದುಂಟು, ಅದು ವಸ್ತುಸಂಗ್ರಹಾಲಯ. ಅಲ್ಲಿ ದೂರದ ನಾಡು ಹತ್ತಿರ ಬಂದು ನಿಂತಿರುತ್ತದೆ. ಕಳೆದ ಕಾಲ ಸದ್ದಿಲ್ಲದೆ ಕುಳಿತಿರುತ್ತದೆ. ಅದನ್ನು ಮಾತನಾಡಿಸುವುದು ಮಾತ್ರ ನೋಡುವವರ ಕೆಲಸ.

ಸಮಾಜ ವಿಜ್ಞಾನದ ಉಪಾಧ್ಯಾಯನಾಗಿ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಮಕ್ಕಳನ್ನು ಮೈಸೂರಿಗೆ ಕರೆದುಕೊಂಡು ಹೋಗುವ ಭಾಗ್ಯ ನನಗೆ ದೊರೆಯಿತು. ನಿವೃತ್ತನಾದ ಮೇಲೆ ಮಕ್ಕಳು ಮೊಮ್ಮಕ್ಕಳೊಡನೆ ಅದೇ ಸ್ಥಳಗಳಿಗೆ ಮತ್ತೆ ಹೋಗಿದ್ದೇನೆ. ಈ ಎರಡು ಬಗೆಯ ಪ್ರವಾಸಗಳಿಂದ ನಾನು ಕಲಿತ ಕೆಲವು ಮಾತುಗಳನ್ನು ನಮ್ಮ ಉಪಾಧ್ಯಾಯ ಬಂಧುಗಳ, ಹಳೆಯ ವಿದ್ಯಾರ್ಥಿಗಳ ಹಾಗೂ ಶಾಲೆಯ ಪೋಷಕರಾದ ದಾನಿಗಳ ಮುಂದೆ ಇಡಬೇಕೆಂಬುದು ಈ ಲೇಖನದ ಉದ್ದೇಶ.

ನಮ್ಮ ಕಡೆಯವರಿಗೆ ಮೈಸೂರು ದೂರವಲ್ಲ. ನಂಜನಗೂಡಿನಿಂದ ಸುಮಾರು 25 ಕಿಲೋಮೀಟರು. ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದದ್ದು 1891ರಲ್ಲಿ. ನಾನು ಹುಡುಗನಾಗಿದ್ದಾಗ ಆ ಮೀಟರ್ ಗೇಜ್ ರೈಲು ಕಪಿಲೆಯನ್ನು ದಾಟುತ್ತಿದ್ದುದು 1735ರಲ್ಲಿ ಕಟ್ಟಿದ ದಳವಾಯಿ ಸೇತುವೆಯ ಮೇಲೆ. ಒಂದು ಪಕ್ಕದಲ್ಲಿ ರೈಲು, ಮತ್ತೊಂದು ಪಕ್ಕದಲ್ಲಿ ಎತ್ತಿನ ಗಾಡಿ. ಎರಡನ್ನೂ ಆ ಕಲ್ಲುಕಮಾನುಗಳು ಹೊತ್ತಿದ್ದವು. ಇಂದು ಅಗಲ ಹಳಿಯ ರೈಲು ಹೊಸ ಸೇತುವೆಯ ಮೇಲೆ ಹೋಗುತ್ತದೆ. ಹಳೆಯ ಸೇತುವೆ ಪಾರಂಪರಿಕ ಕಟ್ಟಡವಾಗಿ ಉಳಿದುಕೊಂಡಿದೆ. ಮೈಸೂರಿನ ಸಂಗ್ರಹಾಲಯಗಳನ್ನು ನೋಡಹೊರಟ ನಮ್ಮ ಮಕ್ಕಳಿಗೆ ಮೊದಲ ಪಾಠ ಹೀಗೆ ಮನೆಯಂಗಳದಲ್ಲೇ, ಟಿಕೆಟ್ಟಿಲ್ಲದೆ, ದೊರೆಯುತ್ತದೆ ಎಂಬುದನ್ನು ನಾನು ಬಸ್ಸಿನ ಕಿಟಕಿಯಿಂದ ತೋರಿಸದೆ ಮುಂದಕ್ಕೆ ಹೋಗುತ್ತಿರಲಿಲ್ಲ.

ಶಾಲಾ ಪ್ರವಾಸವೆಂದರೆ ಸಾಮಾನ್ಯವಾಗಿ ಓಟ. ಅರಮನೆ, ಮೃಗಾಲಯ, ಚಾಮುಂಡಿಬೆಟ್ಟ, ಜಗನ್ಮೋಹನ, ಶ್ರೀರಂಗಪಟ್ಟಣ, ಕೊನೆಗೆ ಕತ್ತಲಾಗುವ ಹೊತ್ತಿಗೆ ಕೃಷ್ಣರಾಜಸಾಗರದ ಕಾರಂಜಿ. ರಾತ್ರಿ ಹನ್ನೊಂದಕ್ಕೆ ಊರಿಗೆ ಬಂದಿಳಿದ ಮಗುವನ್ನು ಏನು ಕಂಡೆ ಎಂದು ಕೇಳಿದರೆ, ಅದು ಹೇಳುವುದು ಬಸ್ಸಿನಲ್ಲಿ ಹಾಕಿದ ಹಾಡು ಮತ್ತು ತಿಂದ ಐಸ್ ಕ್ರೀಮಿನ ವಿಷಯ. ತಪ್ಪು ಮಗುವಿನದಲ್ಲ. ಎಂಟು ಊಟವನ್ನು ಒಂದೇ ಹೊತ್ತಿನಲ್ಲಿ ಬಡಿಸಿದರೆ ಯಾವ ಹೊಟ್ಟೆ ತಾಳೀತು? ಒಂದು ದಿನಕ್ಕೆ ಮೂರು ಸ್ಥಳ ಸಾಕು. ಪ್ರತಿಯೊಂದರಲ್ಲಿಯೂ ಒಂದು ಪ್ರಶ್ನೆ ಸಾಕು ಎಂಬ ನಿಯಮವನ್ನು ನಾವು ಇಟ್ಟುಕೊಂಡೆವು.

ಅರಮನೆಯನ್ನೇ ನೋಡಿ. ಈಗಿನ ಅಂಬಾವಿಲಾಸಕ್ಕೆ ಮೊದಲು ಅಲ್ಲಿದ್ದುದು ಮರದ ಅರಮನೆ. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ ಬೆಂಕಿ ಹೊತ್ತಿಕೊಂಡು ಅದು ಸುಟ್ಟುಹೋಯಿತು. ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ, 41 ಲಕ್ಷ ರೂಪಾಯಿಗೂ ಮಿಕ್ಕ ವೆಚ್ಚದಲ್ಲಿ, ಹೊಸ ಅರಮನೆ ಪೂರ್ಣಗೊಂಡದ್ದು 1912ರಲ್ಲಿ. ಮರದ ಮನೆ ಸುಟ್ಟಿತು. ಆದುದರಿಂದ ಕಲ್ಲು, ಇಟ್ಟಿಗೆ, ಕಬ್ಬಿಣಗಳ ಮನೆ ಎದ್ದಿತು. ಕಲ್ಯಾಣಮಂಟಪದ ಎರಕದ ಕಂಬಗಳು ದೂರದ ಗ್ಲಾಸ್ಗೋ ನಗರದಿಂದ ಬಂದವು. ಆ ಕಂಬಗಳನ್ನೂ ನವಿಲಿನ ಚಿತ್ತಾರದ ಗಾಜಿನ ಛಾವಣಿಯನ್ನೂ ತೋರಿಸಿ, ಇಷ್ಟೊಂದು ಕಬ್ಬಿಣ ಯಾಕೆ ಬಂತು ಎಂದು ಕೇಳಿದರೆ ಮಕ್ಕಳು ತಾವೇ ಉತ್ತರ ಕಂಡುಕೊಳ್ಳುತ್ತಾರೆ. ಸುಮಾರು 750 ಕಿಲೋಗ್ರಾಂ ತೂಕದ ಅಂಬಾರಿಯ ಮುಂದೆ ಗುಂಪು ನಿಲ್ಲುವುದು ಸಹಜ. ಆದರೆ ನಾನು ಮಕ್ಕಳನ್ನು ನಿಲ್ಲಿಸುತ್ತಿದ್ದುದು ದಸರೆಯ ಮೆರವಣಿಗೆಯ ದೊಡ್ಡ ಚಿತ್ರಗಳ ಮುಂದೆ. ಆನೆಯ ಮೇಲಿರುವವರನ್ನು ಎಲ್ಲರೂ ನೋಡುತ್ತಾರೆ. ಆನೆಯ ಪಕ್ಕದಲ್ಲಿ ನಡೆಯುತ್ತಿರುವವರು ಎಷ್ಟು ಜನ, ಅವರ ಕೈಯಲ್ಲಿ ಏನೇನಿದೆ, ಎಣಿಸಿ ಬರೆಯಿರಿ ಎಂದರೆ ಅರ್ಧ ಗಂಟೆ ಹೋದದ್ದೇ ತಿಳಿಯುವುದಿಲ್ಲ.

1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಜಗನ್ಮೋಹನ ಅರಮನೆ ಚಿತ್ರಶಾಲೆಯಾದದ್ದು 1915ರಲ್ಲಿ. ರವಿವರ್ಮನ ಚಿತ್ರಗಳಿಗೆ ಅದು ಹೆಸರಾಗಿದೆ. ಅಲ್ಲಿಯ ದೀಪ ಹಿಡಿದ ತರುಣಿಯ ಚಿತ್ರವನ್ನು ಎಷ್ಟೋ ಜನ ರವಿವರ್ಮನದೆಂದೇ ಭಾವಿಸಿ ಹೊರಬರುತ್ತಾರೆ. ಅದನ್ನು ಬರೆದವರು ಎಸ್. ಎಲ್. ಹಳದಣಕರ್, ರೂಪದರ್ಶಿಯಾಗಿ ನಿಂತವಳು ಅವರ ಸ್ವಂತ ಮಗಳು. ಬೆರಳುಗಳ ಸಂದಿಯಿಂದ ಹೊರಸೂಸುವ ಆ ಕೆಂಪು ಬೆಳಕು ತೈಲವರ್ಣದ್ದಲ್ಲ, ಜಲವರ್ಣದ್ದು. ಹೆಸರು ಫಲಕವನ್ನು ಓದದೆ ಚಿತ್ರವನ್ನು ನೋಡಿದರೆ ಒಬ್ಬರ ಶ್ರಮ ಮತ್ತೊಬ್ಬರ ಪಾಲಾಗುತ್ತದೆ ಎಂಬುದನ್ನು ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

1979ರಲ್ಲಿ ಆರಂಭವಾದ ರೈಲ್ವೆ ಸಂಗ್ರಹಾಲಯ ಚಿಕ್ಕ ಮಕ್ಕಳಿರುವ ಕುಟುಂಬಗಳಿಗೆ ಹೇಳಿ ಮಾಡಿಸಿದ್ದು. ಉಗಿಬಂಡಿಯ ಚಕ್ರ ತಮಗಿಂತ ಎತ್ತರವಾಗಿರುವುದನ್ನು ಮಕ್ಕಳು ಮುಟ್ಟಿ ನೋಡುತ್ತಾರೆ. ಅಲ್ಲಿ 1899ರ ಮಹಾರಾಣಿಯವರ ವಿಶೇಷ ಬೋಗಿ ಇದೆ. ಒಳಗೆ ಅಡಿಗೆಯ, ಊಟದ, ವಿಶ್ರಾಂತಿಯ ವ್ಯವಸ್ಥೆಗಳಿವೆ. ನಮ್ಮೂರಿನ ಅಜ್ಜಂದಿರು ಮೂರನೆಯ ದರ್ಜೆಯ ಮರದ ಹಲಗೆಯ ಮೇಲೆ ಕುಳಿತು ನಂಜನಗೂಡಿನ ಜಾತ್ರೆಗೆ ಹೋಗುತ್ತಿದ್ದ ಕಾಲ ಅದು ಎಂದು ಹೇಳಿದರೆ, ಇತಿಹಾಸದ ಪುಸ್ತಕದಲ್ಲಿಲ್ಲದ ಒಂದು ಪುಟ ತಾನಾಗಿ ತೆರೆದುಕೊಳ್ಳುತ್ತದೆ.

ಮೃಗಾಲಯದ ಮಾತು ಬೇರೆ. 1892ರಲ್ಲಿ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಆರಂಭವಾದ ಅದು ನಾಡಿನ ಹಳೆಯ ಮೃಗಾಲಯಗಳಲ್ಲಿ ಒಂದು. 2021ರಲ್ಲಿ ಜರ್ಮನಿಯಿಂದ ಎರಡು ಗೊರಿಲ್ಲಗಳು ಅಲ್ಲಿಗೆ ಬಂದವು. ಪ್ರಾಣಿಗಳನ್ನು ದತ್ತು ತೆಗೆದುಕೊಂಡು ಅವುಗಳ ಆಹಾರದ ವೆಚ್ಚವನ್ನು ವಹಿಸುವ ಯೋಜನೆಯೂ ಅಲ್ಲುಂಟು. ಮೊಮ್ಮಗಳೊಡನೆ ಹೋದಾಗ ಎಲ್ಲ ಪ್ರಾಣಿಗಳನ್ನೂ ನೋಡಲೇಬೇಕೆಂಬ ಹಟವನ್ನು ಬಿಟ್ಟು, ಜಿರಾಫೆಯೊಂದರ ಮುಂದೆ ಅರ್ಧ ಗಂಟೆ ಕುಳಿತೆವು. ಅದು ನಾಲಗೆ ಚಾಚಿ ಎಲೆ ಕೀಳುವುದನ್ನೂ ಮೆಲುಕು ಹಾಕುವುದನ್ನೂ ನೋಡಿದ ಅವಳು, ಇದೂ ನಮ್ಮ ಹಸುವಿನ ಹಾಗೆಯೇ ಅಲ್ಲವೇ ತಾತ ಎಂದಳು. ಜೀವಶಾಸ್ತ್ರ ಆರಂಭವಾಗುವುದು ಹೀಗೆ. ಪಕ್ಕದಲ್ಲಿಯೇ ಕಾರಂಜಿ ಕೆರೆ, ಅದರ ದಡದಲ್ಲಿ 1995ರಲ್ಲಿ ತೆರೆದ ಪ್ರಾದೇಶಿಕ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯ. ಒಳಗೆ ಮಾದರಿಗಳನ್ನು ಕಂಡು ಹೊರಬಂದರೆ ಎದುರಿಗೆ ಜೀವಂತ ಕೆರೆ, ಜೀವಂತ ಕೊಕ್ಕರೆ. ಮೃಗಾಲಯಕ್ಕೆ ಮಂಗಳವಾರವೂ ಈ ಸಂಗ್ರಹಾಲಯಕ್ಕೆ ಸೋಮವಾರವೂ ರಜೆಯೆಂಬುದನ್ನು ದೂರದಿಂದ ಬರುವವರು ನೆನಪಿನಲ್ಲಿಡಬೇಕು.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದ ಸ್ಥಳಕ್ಕೆ ಬರುತ್ತೇನೆ. ಮಾನಸಗಂಗೋತ್ರಿಯಲ್ಲಿರುವ ಜಯಲಕ್ಷ್ಮೀವಿಲಾಸ ಭವನವನ್ನು 1905ರಲ್ಲಿ ಕಟ್ಟಿಸಿದ್ದು ಯಾರ ಮದುವೆಯಲ್ಲಿ ಹಳೆಯ ಅರಮನೆ ಸುಟ್ಟಿತೋ ಅದೇ ರಾಜಕುಮಾರಿಗಾಗಿ. ಕಾಲ ಉರುಳಿ ಆ ಭವನ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿತು. ಜಾನಪದ ವಸ್ತುಸಂಗ್ರಹಾಲಯವು ಅಲ್ಲಿ ನೆಲೆಗೊಂಡಿತು. 1960ರ ದಶಕದ ಕೊನೆಯಲ್ಲಿ ಮೊದಲಾದ ಆ ಸಂಗ್ರಹದ ಹಿಂದೆ ಡಾ. ಜೀ. ಶಂ. ಪರಮಶಿವಯ್ಯನವರಂಥ ವಿದ್ವಾಂಸರ ದೃಷ್ಟಿಯೂ ಕಲಾವಿದ ಪಿ. ಆರ್. ತಿಪ್ಪೇಸ್ವಾಮಿಯವರ ಹಳ್ಳಿಹಳ್ಳಿಯ ಅಲೆದಾಟವೂ ಇವೆ. ತೊಗಲುಗೊಂಬೆ, ಸೋಮನ ಕುಣಿತದ ಮುಖಗಳು, ಯಕ್ಷಗಾನದ ಕಿರೀಟ, ಬೇಸಾಯದ ಉಪಕರಣಗಳು, ಅಡಿಗೆಮನೆಯ ಪಾತ್ರೆ ಪರಡಿ, ಎಲ್ಲವೂ ರಾಜಕುಮಾರಿ ಓಡಾಡಿದ ಹಜಾರಗಳಲ್ಲಿ ಬಂದು ಕುಳಿತವು. ಅರಮನೆಯೊಳಕ್ಕೆ ಹಳ್ಳಿಯು ಬಾಡಿಗೆಯಿಲ್ಲದೆ ಪ್ರವೇಶ ಮಾಡಿದ ಈ ಪರಿ ನನಗೆ ಎಂದೂ ಸಂತೋಷ ತಂದಿದೆ. ಭವನ ಹಳೆಯದು, ದುರಸ್ತಿಯ ಕೆಲಸ ಆಗಾಗ ನಡೆಯುತ್ತದೆ. ತೆರೆದಿದೆಯೇ ಎಂದು ವಿಚಾರಿಸಿಕೊಂಡೇ ಹೊರಡುವುದು ಲೇಸು.

ಕೆಲವು ವರ್ಷಗಳ ಹಿಂದೆ ಆರನೆಯ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಿದ್ದೆ. ಪ್ರವಾಸಕ್ಕೆ ಹಣ ಕೊಡಲಾರದೆ ಹಿಂದೆ ಉಳಿಯುವ ಮಕ್ಕಳು ಪ್ರತಿ ವರ್ಷವೂ ಇರುತ್ತಾರೆ. ಮಗು ಬಾಯಿ ಬಿಟ್ಟು ಹಣವಿಲ್ಲ ಎನ್ನುವುದಿಲ್ಲ; ಜ್ವರ ಬಂದಿದೆ ಎನ್ನುತ್ತದೆ, ನೆಂಟರ ಮನೆಗೆ ಹೋಗಬೇಕು ಎನ್ನುತ್ತದೆ. ಇದನ್ನು ಬಲ್ಲ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು, ತಮ್ಮ ಹೆಸರನ್ನು ಎಲ್ಲಿಯೂ ಹೇಳಬಾರದೆಂಬ ಷರತ್ತಿನ ಮೇಲೆ, ವರ್ಷಕ್ಕೆ ಮೂವರು ಮಕ್ಕಳ ವೆಚ್ಚವನ್ನು ಕೊಡುತ್ತಿದ್ದರು. ಆ ವರ್ಷ ಹಾಗೆ ಬಂದ ಮೂವರಲ್ಲಿ ಒಬ್ಬ ಹುಡುಗಿ ಕೂಲಿ ಮಾಡುವ ತಾಯಿಯ ಮಗಳು. ಬೆಳಗಿನಿಂದ ಒಂದು ಮಾತನ್ನೂ ಆಡಿರಲಿಲ್ಲ. ಅರಮನೆಯಲ್ಲಿ ಗೆಳತಿಯರ ಬೆನ್ನ ಹಿಂದೆಯೇ ನಿಂತಿದ್ದಳು. ಇಲ್ಲಿ ಅಳತೆಯ ಪಾತ್ರೆಗಳ ಮುಂದೆ ಬಂದವಳು ತಟ್ಟನೆ ನಿಂತು ನನ್ನ ಅಂಗಿಯ ತೋಳನ್ನು ಜಗ್ಗಿದಳು.

"ಸಾ, ಇದು ನಮ್ಮಟ್ಟೀಲೂ ಅದ. ನಮ್ಮಜ್ಜಿ ಇದ್ರಲ್ಲೇ ರಾಗಿ ಅಳೀತಳ. ಇಲ್ಯಾಕ ಮಡಗವ್ರ?"

ಅವಳು ತೋರಿಸಿದ್ದು ಒಂದು ಕೊಳಗ.

"ಅಳೆಯುವವರು ಕಡಿಮೆಯಾದರವ್ವ, ಅದಕ್ಕೇ ಇಟ್ಟಿದ್ದಾರೆ" ಎಂದೆ.

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. "ಹಂಗಾರ ಅಜ್ಜೀಗ ಹೇಳ್ಬೇಕು ಸಾ, ಪಾತ್ರ ಯಾಪಾರದವ್ನಿಗ ಕೊಟ್ಬುಡ್ಬ್ಯಾಡ ಅಂತ."

ಆ ದಿನದ ಉಳಿದ ಹೊತ್ತೆಲ್ಲ ಮಾತನಾಡಿದವಳು ಅವಳೇ. ಒನಕೆ, ಕುಂದಣಿ, ಮೊರ, ವಂದರಿ, ಕೂರಿಗೆ, ಒಂದೊಂದನ್ನೂ ಗೆಳತಿಯರಿಗೆ ವಿವರಿಸಿದಳು. ಪಟ್ಟಣದಲ್ಲಿ ಬೆಳೆದ ಮಕ್ಕಳ ಇನ್ನೊಂದು ಶಾಲೆಯ ಗುಂಪು ಅವಳ ಸುತ್ತ ನೆರೆಯಿತು. ಬೆಳಗಿನಿಂದ ಬೆನ್ನ ಹಿಂದೆ ನಿಂತವಳು ಈಗ ಎಲ್ಲರ ಮುಂದೆ ನಿಂತಿದ್ದಳು. ಮ್ಯೂಸಿಯಂ ಎಂಬುದು ಕೆಲವರ ಪಾಲಿಗೆ ಕಾಣದ್ದನ್ನು ಕಾಣುವ ಸ್ಥಳ. ಅವಳ ಪಾಲಿಗೆ ತನ್ನ ಮನೆಯದಕ್ಕೂ ಒಂದು ಬೆಲೆಯುಂಟೆಂದು ತಿಳಿದ ಸ್ಥಳವಾಯಿತು. ಕೊಟ್ಟವರಿಗೆ ಅವಳು ಯಾರೆಂದು ಗೊತ್ತಿಲ್ಲ. ಅವಳಿಗೆ ಕೊಟ್ಟವರು ಯಾರೆಂದು ಗೊತ್ತಿಲ್ಲ. ಆದರೆ ಆ ಬಸ್ಸಿನ ಬಾಡಿಗೆ ಏನನ್ನು ಕೊಂಡಿತೆಂಬುದನ್ನು ನಾನು ಕಣ್ಣಾರೆ ಕಂಡೆ.

ಊರಿಗೆ ಮರಳಿದ ಮೇಲೆ ಮಕ್ಕಳೇ ಕೇಳಿದರು: ನಾವೂ ಯಾಕೆ ಒಂದು ದಿನ ಇಡಬಾರದು? ಶನಿವಾರವೊಂದನ್ನು ಗೊತ್ತು ಮಾಡಿ, ನಾಲ್ಕು ಬೆಂಚುಗಳನ್ನು ಜೋಡಿಸಿ, ಮೇಲೆ ಬಿಳಿಯ ಪಂಚೆ ಹಾಸಿದೆವು. ಮನೆಮನೆಯಿಂದ ಪದಾರ್ಥಗಳು ಬಂದವು. ಕಂಚಿನ ಚೆಂಬು, ಮರದ ಮರಿಗೆ, ಬೀಸುವ ಕಲ್ಲು, ಎತ್ತಿನ ಕೊರಳ ಗೆಜ್ಜೆ, ಸೇರು, ಪಾವು. ಒಬ್ಬ ಹುಡುಗ ಅಟ್ಟದಲ್ಲಿದ್ದ ಚರಕವೊಂದರ ಚಕ್ರವನ್ನು ಮಾತ್ರ ಹೊತ್ತು ತಂದ. ಸ್ವಾತಂತ್ರ್ಯ ಹೋರಾಟಗಾರರಾದ ತಗಡೂರು ರಾಮಚಂದ್ರರಾಯರು ಖಾದಿಯ ಕೆಲಸಕ್ಕೆ ನೆಲೆ ಮಾಡಿಕೊಂಡ ಊರು ನಮ್ಮದು. ಅಂಥ ಊರಿನ ಹುಡುಗನಿಗೆ ಅದು ಚರಕದ ಚಕ್ರವೆಂಬುದೇ ತಿಳಿದಿರಲಿಲ್ಲ; ಗಾಡಿಯದೆಂದು ತಿಳಿದಿದ್ದ.

ಆ ಹುಡುಗಿಯ ಅಜ್ಜಿ ಕೊಳಗವನ್ನು ತಾನೇ ಎತ್ತಿಕೊಂಡು ಬಂದಳು. ಮೊಮ್ಮಗಳ ಕೈಗೆ ಕೊಡಲು ಅವಳಿಗೆ ಧೈರ್ಯ ಬಂದಿರಲಿಲ್ಲ. "ಇಸ್ಕೂಲೊಳಕ್ಕ ಕಾಲು ಮಡಗಿದ್ದು ಇವತ್ತೇ ಕಣ ಮೇಷ್ಟ್ರ" ಎಂದು ಬಾಗಿಲಲ್ಲೇ ನಿಂತಳು. ಕರೆದು ಕುರ್ಚಿಯಲ್ಲಿ ಕೂರಿಸಿದರೂ ಕೂರದೆ ನೆಲದ ಮೇಲೆ ಕುಳಿತು, ತಂದಿದ್ದ ರಾಗಿಯನ್ನು ಅಳೆಯತೊಡಗಿದಳು. ಮೊದಲನೆಯ ಅಳತೆಗೆ ಒಂದು ಎನ್ನಲಿಲ್ಲ, "ಲಾಭ" ಎಂದಳು. ಆಮೇಲೆ ಎರಡು, ಮೂರು. ಕಣದಲ್ಲಿ ಮೊದಲ ಅಳತೆಗೆ ಲಾಭವೆಂದೇ ಎಣಿಸಬೇಕು, ಒಂದು ಎನ್ನಬಾರದು ಎಂಬ ಆ ಪದ್ಧತಿಯನ್ನು ಅಲ್ಲಿದ್ದ ನಲವತ್ತು ಮಕ್ಕಳಲ್ಲಿ ಮೂವರು ಮಾತ್ರ ಕೇಳಿದ್ದರು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂದೂ, ಎಷ್ಟು ಬೀಜ ಹಿಡಿಸುತ್ತದೋ ಅಷ್ಟರ ಮೇಲೆ ಹೊಲಕ್ಕೆ ಹೆಸರೆಂದೂ ಅವಳು ಹೇಳಿದಳು. 1950ರ ದಶಕದ ಕೊನೆಯಲ್ಲಿ ಮೆಟ್ರಿಕ್ ಅಳತೆ ಜಾರಿಗೆ ಬಂದ ಮೇಲೆ ಈ ಲೆಕ್ಕ ಪಠ್ಯಪುಸ್ತಕಗಳಿಂದ ಹೋಯಿತು, ಹೋದದ್ದು ಸರಿಯೇ. ಆದರೆ ಹಳೆಯ ಪತ್ರಗಳಲ್ಲಿ ಖಂಡುಗದ ಮಾತು ಇನ್ನೂ ಉಳಿದಿದೆ. ತಾತನ ಕಾಲದ ಪತ್ರವನ್ನು ಓದಲಾರದ ಮೊಮ್ಮಗ ತನ್ನ ಹೊಲದ ಕಥೆಯನ್ನು ಇನ್ನೊಬ್ಬರ ಬಾಯಿಂದ ಕೇಳಬೇಕಾಗುತ್ತದೆ.

ಆ ದಿನ ನನಗೆ ಸ್ಪಷ್ಟವಾದ ಮಾತು ಇದು. ಗಾಜಿನ ಪೆಟ್ಟಿಗೆ ಕೊಳಗವನ್ನು ಕಾಪಾಡಬಲ್ಲದು. ಲಾಭ ಎಂದು ಎಣಿಸುವ ಆ ದನಿಯನ್ನು ಕಾಪಾಡಲಾರದು. ಅದನ್ನು ಕೇಳಿಸಿಕೊಂಡು ಬರೆದಿಡುವ ಕಿವಿ ಮತ್ತು ಕೈ ಬೇಕು. ನಗರದ ದೊಡ್ಡ ಸಂಗ್ರಹಾಲಯಗಳು ಎಲ್ಲ ಊರುಗಳ ಎಲ್ಲ ಅಜ್ಜಿಯರ ಬಳಿಗೆ ಬರಲಾರವು. ಆ ಕೆಲಸ ಹಳ್ಳಿಯ ಶಾಲೆಯದು.

ಮನೆಯ ಅಟ್ಟದಲ್ಲಿ ಏನಿದ್ದೀತು ಎಂದು ಹಗುರಾಗಿ ಕಾಣುವವರಿಗೆ ಮೈಸೂರಿನದೇ ಒಂದು ಉದಾಹರಣೆ ಸಾಕು. 1891ರಲ್ಲಿ ಸ್ಥಾಪಿತವಾದ ಪ್ರಾಚ್ಯ ಗ್ರಂಥಾಲಯಕ್ಕೆ ಒಬ್ಬ ಪಂಡಿತರು ತಂದುಕೊಟ್ಟ ತಾಳೆಗರಿಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿತ್ತು. ಶತಮಾನಗಳ ಕಾಲ ಕಳೆದುಹೋಯಿತೆಂದು ಭಾವಿಸಿದ್ದ ಆ ಗ್ರಂಥವನ್ನು ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಲೋಕ ಅದನ್ನು ಓದಲು ಸಾಧ್ಯವಾದದ್ದು, ಯಾರದೋ ಮನೆಯಲ್ಲಿ ಯಾರೋ ಅದನ್ನು ಒಲೆಗೆ ಹಾಕದೆ ಇಟ್ಟದ್ದರಿಂದ. ಎಲ್ಲ ಕಟ್ಟುಗಳಿಗೂ ಆ ಪುಣ್ಯವಿಲ್ಲ. ನಮ್ಮ ಕಡೆ ಹಿಂದೆ ಲೆಕ್ಕಪತ್ರ ಬರೆಯುತ್ತಿದ್ದುದು ಕಡತದಲ್ಲಿ. ಬಟ್ಟೆಗೆ ಹುಣಿಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ನಾನು ಬಲ್ಲ ಒಂದು ಮನೆಯಲ್ಲಿ ಹಳೆಯ ಗೋಡೆಯನ್ನು ಕೆಡವಿದಾಗ ಗೂಡಿನಲ್ಲಿ ಅಂಥ ಮೂರು ಕಡತ ಸಿಕ್ಕಿದವು. ಕರಿಯ ಬಟ್ಟೆಯ ಮುದ್ದೆಯೆಂದು ಮಣ್ಣಿನೊಡನೆ ಅವು ಗಾಡಿಯಲ್ಲಿ ಹೋದವು. ವಿಷಯ ತಿಳಿದು ನಾನು ಹೋಗುವ ಹೊತ್ತಿಗೆ ಒಂದು ಹೋಳು ಮಾತ್ರ ಉಳಿದಿತ್ತು. ಅದರ ಮೇಲೆ ಒಬ್ಬರ ಹೆಸರೂ ಎಂಟು ಕೊಳಗ ಎಂಬ ಬರಹವೂ ಇದ್ದವು. ಸಾಲವೋ ದಾನವೋ, ಹೇಳುವವರು ಯಾರೂ ಇಲ್ಲ.

ಆದುದರಿಂದ ಮೂರು ವಿನಂತಿಗಳನ್ನು ಮಾಡುತ್ತೇನೆ. ಉಪಾಧ್ಯಾಯರಲ್ಲಿ: ಪ್ರವಾಸದ ಪಟ್ಟಿಯನ್ನು ಉದ್ದ ಮಾಡಬೇಡಿ, ಮೂರು ಸ್ಥಳ, ಮೂರು ಪ್ರಶ್ನೆ, ಒಂದು ನೋಟ್ ಪುಸ್ತಕ ಸಾಕು. ಹಿಂದಿರುಗಿದ ಮರುದಿನ ಪಾಠ ಬೇಡ, ಕಂಡದ್ದನ್ನು ಮಕ್ಕಳ ಬಾಯಿಂದಲೇ ಕೇಳಿ. ದಾನಿಗಳಲ್ಲಿ: ಕಟ್ಟಡಕ್ಕೆ ಕೊಟ್ಟ ಹಣ ಕಲ್ಲಿನ ಮೇಲೆ ಹೆಸರಾಗಿ ನಿಲ್ಲುತ್ತದೆ, ಒಂದು ಮಗುವಿನ ಬಸ್ಸಿನ ಬಾಡಿಗೆಗೆ ಕೊಟ್ಟದ್ದು ಎಲ್ಲಿಯೂ ಬರೆಯಲ್ಪಡುವುದಿಲ್ಲ. ಆದರೂ ಜ್ವರವೆಂದು ಹೇಳಿ ಮನೆಯಲ್ಲಿ ಉಳಿಯುವ ಮಗು ನಮ್ಮ ಶಾಲೆಯಲ್ಲಿ ಒಂದೂ ಇರಬಾರದು.

ಹಳೆಯ ವಿದ್ಯಾರ್ಥಿಗಳಲ್ಲಿ: ನೀವು ಬೆಂಗಳೂರಿನಲ್ಲಿರಿ, ಹೊರದೇಶದಲ್ಲಿರಿ, ಮುಂದಿನ ರಜೆಗೆ ಊರಿಗೆ ಬಂದಾಗ ಮಕ್ಕಳನ್ನು ಮೈಸೂರಿಗೆ ಅವಶ್ಯವಾಗಿ ಕರೆದುಕೊಂಡು ಹೋಗಿ. ಅರಮನೆಯ ದೀಪಗಳನ್ನು ತೋರಿಸಿ, ಆನೆಯನ್ನು ತೋರಿಸಿ. ಆಮೇಲೆ ಒಂದು ಮಧ್ಯಾಹ್ನ ನಿಮ್ಮ ಹಿರಿಯರ ಮನೆಯ ಅಟ್ಟಕ್ಕೆ ಏಣಿ ಹಾಕಿ. ಸಿಕ್ಕ ಒಂದು ವಸ್ತುವನ್ನು ಒರಸಿ, ಅದರ ಹೆಸರೇನು, ಯಾರು ಮಾಡಿದ್ದು, ಯಾವ ಕೆಲಸಕ್ಕೆ ಬರುತ್ತಿತ್ತು ಎಂದು ಮನೆಯ ಹಿರಿಯರನ್ನು ಕೇಳಿ, ಅವರು ಹೇಳಿದ ಮಾತಿನಲ್ಲಿಯೇ ಒಂದು ಚೀಟಿಯ ಮೇಲೆ ಬರೆಯಿರಿ. ವಸ್ತುವನ್ನು ನೀವೇ ಇಟ್ಟುಕೊಳ್ಳಿ, ಚೀಟಿಯನ್ನು ಶಾಲೆಗೆ ತಲುಪಿಸಿ. ಕೇಳಿದರೆ ಹೇಳಬಲ್ಲವರು ಇನ್ನೂ ಕೆಲವರು ಜಗುಲಿಯ ಮೇಲೆ ಕುಳಿತಿದ್ದಾರೆ.